ಪದ್ಮವ್ವ ಕೆತ್ತಿದ ಬಗರಿ

ಕಾಗವಾಡದ ಸುತ್ತ ದ್ರಾಕ್ಷಿ ಛಾಟಣಿ ಶುರುವಾಯಿತೆಂದರೆ ಪದ್ಮವ್ವನ ಓಣಿಗೆ ಬೆಳಗಿನ ಏಳಕ್ಕೇ ಕೂಲಿಯವರ ಜೀಪು ಬರುತ್ತದೆ. ಸಂಜೆಯವರೆಗೂ ಕೈ ಮೇಲೆತ್ತಿ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ. ಮನೆಗೆ ಬರುವಷ್ಟರಲ್ಲಿ ಅವಳ ಅರವತ್ತೆರಡು ವರ್ಷದ ಭುಜಗಳು ಕಲ್ಲಾಗಿರುತ್ತವೆ. ಬಂದ ಮೇಲೆ ಅಣ್ಣ ಸತ್ತೆಪ್ಪನ ಚಾಕರಿ.

ಗಂಡ ತೀರಿದಂದಿನಿಂದ ಅವಳು ಅಣ್ಣನ ಮನೆಯಲ್ಲೇ ಇದ್ದಾಳೆ. ಅತ್ತಿಗೆಯೂ ಈಗಿಲ್ಲ. ಮೂವತ್ತು ವರ್ಷ ಕಬ್ಬಿನ ಟ್ರ್ಯಾಕ್ಟರ್ ಓಡಿಸಿದ ಸತ್ತೆಪ್ಪನಿಗೆ ಹೋದ ಶ್ರಾವಣದಲ್ಲಿ ಲಕವಾ ಹೊಡೆದು, ಬಲಗೈ ಮುಷ್ಟಿ ಕಟ್ಟಿಕೊಂಡಿತು. ಮಿರಜಿನ ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು, ಬೆರಳಿಗೆ ದಿನಾ ಕೆಲಸ ಕೊಡಿ ಎಂದಿದ್ದರು. ಸತ್ತೆಪ್ಪ ಅದನ್ನು ಎಡಗೈಯಿಂದ ಬೀದಿಗೆ ಎಸೆದ.

“ಚಂಡಾಟ ಆಡಾಕ ನಾ ಏನ್ ಸಣ್ಣ ಕೂಸೇನು?”

“ಬ್ಯಾಡಾದ್ರ ಬಿಡು. ನನಗೂ ಸಾಕಾಗೇತಿ,” ಎಂದು ಪದ್ಮವ್ವ ಗೋಡೆಗೆ ಒರಗಿ ಕೂತಳು.

ಒಂದು ದಿನ ಮಳೆ ಬಂದು ಕೆಲಸ ನಿಂತಿತು. ಒಲೆಗೆಂದು ತಂದಿದ್ದ ಜಾಲಿಕಟ್ಟಿಗೆಯಲ್ಲಿ ಮುಷ್ಟಿಗಾತ್ರದ ತುಂಡೊಂದು ಅವಳ ಕೈಗೆ ಸಿಕ್ಕಿತು. ಅದನ್ನು ಒಲೆಗೆ ಹಾಕದೆ ಪಕ್ಕದ ಮನೆಯಿಂದ ಬಾಚಿ ತಂದಳು.

ಹತ್ತು ವರ್ಷದವಳಿದ್ದಾಗ ಹುಡುಗರು ಅವಳನ್ನು ಬಗರಿಯಾಟಕ್ಕೆ ಸೇರಿಸಿಕೊಂಡಿರಲಿಲ್ಲ. ಅವಳು ಇಂಥದೇ ಜಾಲಿ ಕೆತ್ತಿ, ಚೂಪು ಮೊಳೆ ಬಡಿದು ತಂದಿದ್ದಳು. ಅದು ಸೊಟ್ಟಗಿತ್ತು, ಎಲ್ಲರೂ ನಕ್ಕರು. ಆದರೆ ಅವಳು ಬೀಸಿದ ಮೊದಲ ಏಟಿಗೇ ಗೆರೆಯೊಳಗಿದ್ದ ಸತ್ತೆಪ್ಪನ ಬಗರಿ ಎರಡು ಹೋಳಾಯಿತು. ಮೂರು ದಿನ ಮಾತು ಬಿಟ್ಟಿದ್ದ ಅಣ್ಣ ನಾಲ್ಕನೆಯ ದಿನ ಕಟ್ಟಿಗೆ ತುಂಡು ತಂದು, “ನನಗೊಂದು ಮಾಡಿಕೊಡ ಬೇ” ಎಂದಿದ್ದ. ಅವಳು ಮದುವೆಯಾಗಿ ಹೋಗುವತನಕ ಅವನ ಬಗರಿಗಳನ್ನೆಲ್ಲ ಕೆತ್ತಿದ್ದು ಅವಳೇ.

ಈಗ ಬಾಚಿ ಹಿಡಿದರೆ ಮಣಿಕಟ್ಟು ನೋಯುತ್ತಿತ್ತು. ಕೆತ್ತುತ್ತ ಎರಡು ಸಲ ಬಿಟ್ಟಳು, ಒಮ್ಮೆ ಬೆರಳು ಕೊಯ್ದುಕೊಂಡಳು. ಮಧ್ಯಾಹ್ನದ ಹೊತ್ತಿಗೆ ಬಗರಿ ಮುಗಿಯಿತು. ದ್ರಾಕ್ಷಿ ಬಳ್ಳಿ ಕಟ್ಟುವ ಸುತಳಿಯ ಜೊತೆ ಅಣ್ಣನ ಮುಂದಿಟ್ಟಳು.

“ಸುತ್ತಿಕೊಡು. ಒಗೆಯೋದು ನಾ ಒಗೀತೀನಿ.”

ಸತ್ತೆಪ್ಪ ಬಗರಿಯನ್ನು ಎಡಗೈಲಿ ಹಿಡಿದು, ಬಲಗೈಯ ಸೆಟೆದ ಬೆರಳುಗಳಿಗೆ ಸುತಳಿ ಸಿಕ್ಕಿಸಿದ. ಒಂದು ಸುತ್ತು ಬಂತು, ಜಾರಿತು. ಮತ್ತೆ ಸುತ್ತಿದ, ಮತ್ತೆ ಜಾರಿತು. ಅವನ ಹಣೆ ಬೆವರಿತು.

“ಸಾಲಿ ಕಲತಂಗ ಆತಲ್ಲ ಇದು,” ಎಂದ. ಆದರೆ ಎಸೆಯಲಿಲ್ಲ.

ಅಂದು ಮೂರೇ ಸುತ್ತು ನಿಂತವು. ಅಷ್ಟಕ್ಕೇ ಪದ್ಮವ್ವ ಬೀಸಿದಳು. ಬಗರಿ ನಾಲ್ಕು ಹೆಜ್ಜೆ ತೂರಾಡಿ ಬಿತ್ತು. ಇಬ್ಬರೂ ನಗಲಿಲ್ಲ.

ಛಾಟಣಿ ಮತ್ತೆ ಶುರುವಾಯಿತು. ಅವಳು ಜೀಪಿನಲ್ಲಿ ಹೋದ ಮೇಲೆ ಸತ್ತೆಪ್ಪ ಕಟ್ಟೆಯ ಮೇಲೆ ಕೂತು ಸುತ್ತುವುದು, ಬಿಚ್ಚುವುದು. ಕೆಲವು ದಿನ ಬೇಸರಪಟ್ಟು ಮುಟ್ಟುತ್ತಲೇ ಇರಲಿಲ್ಲ. ಸಂಜೆ ದಣಿದು ಬಂದ ಪದ್ಮವ್ವ ಅದನ್ನು ಕೇಳುತ್ತಿರಲಿಲ್ಲ. ಸುತ್ತಿಟ್ಟಿದ್ದರೆ ಒಮ್ಮೆ ಬೀಸಿ ಒಳಗೆ ಹೋಗುತ್ತಿದ್ದಳು.

ಸಂಕ್ರಾಂತಿಯ ಹೊತ್ತಿಗೆ ಅವನ ಹೆಬ್ಬೆರಳು ಸಡಿಲವಾಯಿತು. ಬಗರಿ ಬೀಸುವ ಬಲ ಮಾತ್ರ ಆ ತೋಳಿಗೆ ಬರಲಿಲ್ಲ, ಬರುವುದೂ ಇಲ್ಲ ಎಂದು ಡಾಕ್ಟರು ಹೇಳಿದರು. ಒಂದು ಬೆಳಿಗ್ಗೆ ಅವಳು ಅಂಗಿ ತೊಡಿಸಲು ಬಂದಾಗ ಸತ್ತೆಪ್ಪ, “ತಡಿ, ನಾ ಹಾಕ್ಕೋತೀನಿ,” ಎಂದ. ಎರಡು ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ಹೊರಗೆ ಜೀಪಿನ ಹಾರ್ನ್ ಕೇಳಿಸಿತು.

“ಇನ್ನ ಮೂರು ನಾಳಿಗಿರಲಿ,” ಎಂದು ಪದ್ಮವ್ವ ಉಳಿದ ಗುಂಡಿ ಹಾಕಿ, ಬುತ್ತಿ ಎತ್ತಿಕೊಂಡು ಹೊರಟಳು.