ಹಿತ್ತಲಬಾಗಿಲು

ಕಡಲನ್ನು ಒಮ್ಮೆಯೂ ನೋಡದ ನಾನು ಕಡಲ ತಳದ ಅದಿರಿನ ಗಡ್ಡೆಗಳನ್ನು ನೀರಿನ ಜೊತೆಗೇ ಕೊಳವೆಯಲ್ಲಿ ಮೇಲೆತ್ತುವ ಪ್ರಾಜೆಕ್ಟ್ ಹಿಡಿದದ್ದು ಶುದ್ಧ ಜಂಬದಿಂದ. ಆಗ ಚಾಮರಾಜನಗರದಲ್ಲಿ ಡಿಪ್ಲೊಮಾದ ಕೊನೆಯ ವರ್ಷ. ಜೊತೆಯವರೆಲ್ಲ ಜಾಣರು, ಸುಲಭದ್ದು ಆರಿಸಿಕೊಂಡಿದ್ದರು.

ಕಾಲೇಜಿನ ಶೆಡ್ಡಿನಲ್ಲಿ ಎರಡಾಳೆತ್ತರದ ಪಾರದರ್ಶಕ ಕೊಳವೆ ನಿಲ್ಲಿಸಿದೆ. ಅದಿರಿನ ಬದಲು ನಮ್ಮ ಕಡೆಯ ಕರಿಕಲ್ಲಿನ ಚೂರು. ಮೋಟಾರ್ ಓಡುವಷ್ಟು ಹೊತ್ತು ಕಲ್ಲು ಕುಣಿಯುತ್ತ ಹತ್ತುತ್ತಿತ್ತು. ಕರೆಂಟ್ ಹೋಯಿತೋ, ಹತ್ತಿದ್ದೆಲ್ಲ ಕೆಳಗಿಳಿದು ತಳದ ತಿರುವಿನಲ್ಲಿ ಕಚ್ಚಿಕೊಂಡು ಕೂರುತ್ತಿತ್ತು. ಆಮೇಲೆ ಕರೆಂಟ್ ಬಂದರೂ ಜಪ್ಪಯ್ಯ ಅಂದರೂ ಅಲ್ಲಾಡದು. ಕೊಳವೆ ಬಿಚ್ಚಿ, ಕಂಬಿಯಲ್ಲಿ ಕುಟ್ಟಿ ತೆಗೆಯಲು ಅರ್ಧ ದಿನ. ಪರೀಕ್ಷಕರು ಬರಲು ಒಂದು ವಾರವಿತ್ತು. ಅವರೆದುರು ಹೀಗಾದರೆ ನನ್ನ ವರ್ಷವೇ ದಂಡ.

ಉಮ್ಮತ್ತೂರಿನ ನನ್ನ ಸೋದರಮಾವ ಹೂಳು ತುಂಬಿದ ಬೋರ್‌ವೆಲ್‌ಗಳನ್ನು ಕ್ಲೀನ್ ಮಾಡುವವರು. "ಅವನನ್ನ ಕೇಳೇ" ಎಂದು ಅಮ್ಮ ಹೇಳಿದಾಗ ಮೂಗು ಮುರಿದಿದ್ದೆ. ಹಿತ್ತಲ ಗಿಡ ಮದ್ದಲ್ಲವಲ್ಲ! ಕೊನೆಗೆ ಅಮ್ಮನೇ ಹೇಳಿಕಳಿಸಿದಳು.

ಮಾವ ಬಂದವರು ಕೊಳವೆಯ ಸುತ್ತ ಒಂದು ಸುತ್ತು ಹಾಕಿ, "ಮೇಲಕ್ಕೋಗಕೆ ದಾರಿ ಮಡಗಿದ್ದೀಯೆ. ಕೆಳಕ್ಕೆ ಬಂದೋರು ಎಲ್ಲಿಗೋಗ್ಬೇಕು ಕಣಮ್ಮಿ? ಹಿತ್ಲಬಾಗ್ಲೇ ಇಲ್ವಲ್ಲ" ಅಂದರು. ಎರಡು ದಿನ ಬಿಟ್ಟು, ಚೀಲದಲ್ಲಿ ಹಳೆಯದೊಂದು ದಪ್ಪ ಹಿತ್ತಾಳೆ ವಾಲ್ವ್ ತಂದು, ತಿರುವಿನ ತಳ ಕೊಯ್ದು ಕೂರಿಸಿದರು.

ಪರೀಕ್ಷೆಯ ದಿನ ಕಲ್ಲು ಅರ್ಧ ಹತ್ತಿತ್ತು, ಕರೆಂಟ್ ಹೋಯಿತು. ಓಡಿ ವಾಲ್ವ್ ತಿರುಗಿಸಿದೆ. ಕಲ್ಲೆಲ್ಲ ಜರಜರನೆ ಬಕೆಟ್ಟಿಗೆ ಸುರಿಯಿತು. ವಾಲ್ವ್ ಮುಚ್ಚಿದೆ. ಕರೆಂಟ್ ಬಂದಾಗ ಮೋಟಾರ್ ಏನೂ ಆಗಿಲ್ಲವೆಂಬಂತೆ ಮತ್ತೆ ಓಡಿತು.

"ಇದಕ್ಕೇನಂತಾರಮ್ಮ?" ಪರೀಕ್ಷಕರು ಕೇಳಿದರು. ಓದಿದ್ದೆಲ್ಲ ಮರೆತುಹೋಗಿ, "ಹಿತ್ಲಬಾಗ್ಲು ಸರ್" ಅಂದುಬಿಟ್ಟೆ. ಅವರು ನಕ್ಕರು. ನಾನು ಪಾಸಾದೆ.

ಆ ಸಂಜೆಯೇ ಸ್ವೀಟು ಕಟ್ಟಿಸಿಕೊಂಡು ಉಮ್ಮತ್ತೂರಿನ ಬಸ್ ಹತ್ತಿದೆ. ಮಾವ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಅತ್ತೆ ಹಿತ್ತಲಲ್ಲಿ ನೀರಿನ ತೊಟ್ಟಿಯ ಮುಂದೆ ಕೂತಿದ್ದರು. ತೊಟ್ಟಿಯ ಪೈಪಿನ ಬಾಯಿಗೆ ಬಟ್ಟೆ ಸುತ್ತಿದ ಮರದ ಬೆಣೆ ಜಡಿದಿತ್ತು. ಅದನ್ನು ಎಳೆದು ಬಿಂದಿಗೆ ಹಿಡಿಯುವಷ್ಟರಲ್ಲಿ ಅವರ ಸೀರೆಯೆಲ್ಲ ಒದ್ದೆ.

"ವಾಲ್ವ್ ಏನಾಯ್ತು ಅತ್ತೆ?" ಅಂದೆ, ಅರ್ಥವಾದ ಮೇಲೂ.

"ನಿಂಗೆ ಬೇಕು ಅಂತ ಬಿಚ್ಕೊಂಡೋದ್ರಲ್ಲ," ಅತ್ತೆ ಬೆಣೆಯನ್ನು ಮತ್ತೆ ಗುದ್ದುತ್ತ ಕೇಳಿದರು. "ಪಾಸಾದ್ಯಾ?"