ಸೀರೆಯೋ ಧೋತರವೋ

ಮಲ್ಲಿಗೆ ಕಟ್ಟೋಕೆ ನಿನಗೆ ಕಣ್ಣೇ ಬೇಡ ಬಿಡು ಎಂದು ಯಾರಾದರೂ ಹೊಗಳಿದರೆ ಹೂವಿನಹಡಗಲಿಯ ಮಾಳಮ್ಮ ಸಿಡುಕುತ್ತಿದ್ದಳು. "ಹೂವಿಗೆ ಬ್ಯಾಡ, ಮಗಳ ಮಾರಿ ನೋಡಾಕ ಬೇಕಲ್ಲ?" ಮಗಳು ಎರ್ರಮ್ಮ ಹೊಟ್ಟೆಯಲ್ಲಿದ್ದಾಗ ಬಂದ ಸಿಡುಬು ಮಾಳಮ್ಮನ ಎರಡೂ ಕಣ್ಣಿಗೆ ಬಿಳಿ ಹೂ ಬೀಳಿಸಿ, ನೋಟ ಕಸಿದು ಹೋಗಿತ್ತು.

ಎಪ್ಪತ್ತೆಂಟನೆಯ ಇಸವಿಯಲ್ಲಿ ದೊಡ್ಡ ಊರಿನ ಡಾಕ್ಟರೊಬ್ಬರು ಅವಳ ಬಲಗಣ್ಣಿನ ಮುಂದಿನ ಪದರ ತೆಗೆದು, ಸತ್ತವರೊಬ್ಬರ ಕಣ್ಣಿನ ಪದರ ಹೊಲಿದರು. "ಇದು ನಾವಿನ್ನೂ ಕಲಿಯುತ್ತಿರುವ ವಿದ್ಯೆ, ತಾಯಿ. ನಿಮ್ಮ ಮೈ ಇದನ್ನು ಒಲ್ಲೆ ಅನ್ನಬಹುದು. ಕಣ್ಣು ಕೆಂಪಾಗಿ ನೀರು ಸುರಿದರೆ ಆ ದಿನವೇ ಬನ್ನಿ" ಎಂದರು. ಪಟ್ಟಿ ಬಿಚ್ಚಿದ ಮೇಲೆ, ನಿಧಾನಕ್ಕೆ ಎರ್ರಮ್ಮನ ಮಾರಿ ಕಂಡಿತು. ಮೂಗು ಥೇಟ್ ಅತ್ತೆಯದೇ. "ಇದಾ ಮೂಗು ಬರಬೇಕಿತ್ತೇನಬೇ ನಿನಗ" ಎಂದು ಮಾಳಮ್ಮ ನಕ್ಕಳು, ಆಮೇಲೆ ಅತ್ತಳು.

ಆ ಸಂತೋಷ ಬಹಳ ದಿನ ಉಳಿಯಲಿಲ್ಲ. ಯಾರ ಕಣ್ಣು ಎಂದು ಡಾಕ್ಟರು ಹೇಳಿರಲಿಲ್ಲ. ಬಾವಿಗೆ ಬಗ್ಗಿದರೆ, ಕನ್ನಡಿ ಹಿಡಿದರೆ, ತನಗಿಂತ ಮೊದಲೇ ಯಾರೋ ನೋಡಿಬಿಟ್ಟಂತೆ ಅನಿಸುವುದು. ಮಗಳನ್ನು ನೋಡುವಾಗಲೂ ಅಷ್ಟೇ. "ಆ ಜೀವಕ್ಕೂ ಮಕ್ಕಳಿದ್ದಾವೇನೋ, ಹುಡುಕಾಕತ್ತೈತಿ" ಎಂದು ಅವಳಿಗೆ ಅಂಜಿಕೆ.

ಮಹಾನವಮಿ ಅಮಾವಾಸ್ಯೆಗೆ, ತೀರಿಹೋದ ಹಿರಿಯರಿಗೆ ಅಡುಗೆ, ಹೊಸ ಬಟ್ಟೆಯ ಎಡೆ ಇಡುವ ದಿನ, ಅವಳು ಮಗಳನ್ನು ಕೇಳಿದಳು. "ಕಣ್ಣಿನವರಿಗೂ ಎಡಿ ಇಡಬೇಕು. ಸೀರಿ ಇಡ್ಲ್ಯಾ, ಧೋತ್ರ ಇಡ್ಲ್ಯಾ?"

"ಎರಡೂ ಇಡಬೇ."

ಲೋಬಾನದ ಹೊಗೆ ಹಾಕಿ, ಹಿರಿಯರು ಉಣ್ಣಲೆಂದು ಬಾಗಿಲು ಮುಚ್ಚಿ ಮನೆಯವರೆಲ್ಲ ಹೊರಗೆ ಕೂರುವುದು ಪದ್ಧತಿ. ಮಾಳಮ್ಮ ಏಳಲಿಲ್ಲ. "ಕಣ್ಣು ನನ್ನ ಕೂಡ ಹೊರಗ ಬಂದ್ರ ಉಣ್ಣೋರು ಯಾರು?" ಎಂದು ಆ ಹೊಗೆಯಲ್ಲೇ ಕುಳಿತಳು. ಬಲಗಣ್ಣು ಕೆಂಪಾಗಿ ಸುರಿಯತೊಡಗಿತು.

ಹೊಗೆ ಆರಿ ಎಷ್ಟು ದಿನವಾದರೂ ನೀರು ನಿಲ್ಲಲಿಲ್ಲ. "ಆಸ್ಪತ್ರಿಗೆ ಹೋಗೋಣ ನಡಿಯಬೇ" ಎಂದು ಎರ್ರಮ್ಮ ಅಂಗಲಾಚಿದಳು.

"ಸುಮ್ಮನಿರಲೇ. ಉಂಡ ಮ್ಯಾಲ ಆ ಜೀವಕ್ಕ ಮಕ್ಕಳ ನೆನಪಾಗೈತಿ. ಅತ್ತು ಹಗುರಾಗ್ಲಿ."

ಕೊನೆಗೆ ಡಾಕ್ಟರ ಮುಂದೆ ಕೂತಾಗ ಹೊಲಿದ ಪದರ ಹಾಲಿನಂತೆ ಬೆಳ್ಳಗಾಗಿತ್ತು. "ಕೆಂಪಾದ ದಿನವೇ ಬಂದಿದ್ದರೆ ಔಷಧ ಹಾಕಿ ನೋಡಬಹುದಿತ್ತು" ಎಂದರು ಅವರು.

ಮಾಳಮ್ಮ ಕೈ ಚಾಚಿ ಮಗಳ ಮೂಗು ತಡವಿದಳು. ಬಹಳ ಹೊತ್ತು ಬೆರಳು ಅಲ್ಲೇ ಇತ್ತು.

"ಯಾರೋ ಅಳಾಕತ್ಯಾರ ಅಂತ ಕುಂತೆ" ಎಂದಳು. "ಅದು ಆಗ್ಲೇ ನನ್ನ ಕಣ್ಣಾ ಆಗಿತ್ತಲ್ಲಲೇ, ಎರ್ರಿ."