ಜ್ವರ ಇಲ್ಲದ ದಿನ

ಎರಡು ವರ್ಷದ ಹಿಂದೆ ಬೀಡಿ ಎಲೆ ಕತ್ತರಿಸುವಾಗ ಬೆರಳಿಗೆ ಕತ್ತರಿ ತಾಗಿತ್ತು. ವರ್ಕಾಡಿಯಲ್ಲಿ ಬೀಡಿ ಕಟ್ಟುವ ನಾವೆಲ್ಲ ಮಾಡುವ ಹಾಗೆ ಗಾಯಕ್ಕೆ ಹೊಗೆಸೊಪ್ಪಿನ ಪುಡಿ ಒತ್ತಿ, ಬೀಡಿ ನೂಲು ಸುತ್ತಿ, ಕೆಲಸ ಮುಂದುವರಿಸಿದೆ. ನಂಜು ರಕ್ತಕ್ಕೇರಿ ಹದಿನೆಂಟು ದಿನ ಮಂಗಳೂರಿನ ಐಸಿಯುವಿನಲ್ಲಿದ್ದೆ. ಬದುಕಿ ಬಂದೆ. ಆದರೆ ರೋಗದೊಡನೆ ಹೋರಾಡುವ ರಕ್ತಕಣಗಳು ಇನ್ನೂ ಸೋತೇ ಇವೆಯಂತೆ. ಮತ್ತೆ ಸೋಂಕು ತಗಲಿದರೆ ಜ್ವರವೂ ಬಾರದಿರಬಹುದು ಎಂದು ಡಾಕ್ಟರು ಹೇಳಿದ್ದರು.

ಮೊನ್ನೆ ಅದೇ ಬೆರಳು ಕೊಯ್ದುಕೊಂಡೆ. ಸೋಪು ಹಾಕಿ ಮೂರು ಸಲ ತೊಳೆದೆ. ಕೂತಲ್ಲಿ ಕೂರಲಾಗದೆ ಮಧ್ಯಾಹ್ನದೊಳಗೆ ಐದು ಸಲ ಥರ್ಮಾಮೀಟರ್ ಇಟ್ಟು ನೋಡಿದೆ. ಅತ್ತೆ ನನ್ನ ಹಣೆ ಮುಟ್ಟಿ, "ಜ್ವರ ಇಲ್ಲ ಮಾರಾಯ್ತಿ, ಮತ್ತೆಂತ ಹೆದರಿಕೆ?" ಎಂದರು.

"ಅದಕ್ಕೇ ಅತ್ತೆ," ಎಂದೆ.